ಉಣ್ಣಬಲ್ಲ ಮಗು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕೇಳಿ ಕೇಳಿ ಅದರ ಅರ್ಥದ ಕಡೆಗೆ ಗಮನ ಕೊಡುವುದನ್ನೇ ಬಿಟ್ಟಿದ್ದೇವೆ. ಊಟ ಉಳ್ಳವನಿಗೆ ರೋಗವಿಲ್ಲವೆಂದು ಗಾದೆ ಹೇಳುವುದಿಲ್ಲ. ಊಟ ಬಲ್ಲವನಿಗೆ ಎನ್ನುತ್ತದೆ. ಊಟವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎರಡಕ್ಕೂ ಒಂದೇ ಕ್ರಿಯಾಪದವನ್ನು ಹಚ್ಚಿದ ಆ ಹೆಸರಿಲ್ಲದ ಜಾಣ, ಇವೆರಡೂ ಕಲಿತು ಬರುವ ವಿದ್ಯೆಗಳೆಂಬುದನ್ನು ಕಂಡುಕೊಂಡಿದ್ದನೆಂದು ತೋರುತ್ತದೆ. ಅಳು ಹುಟ್ಟಿನೊಡನೆ ಬರುತ್ತದೆ. ಹಸಿವೂ ಹುಟ್ಟಿನೊಡನೆಯೇ ಬರುತ್ತದೆ. ಅಳು ಮಾತಾಗುವುದಕ್ಕೆ ಎರಡು ಮೂರು ವರ್ಷ ಹಿಡಿಯುತ್ತದೆ. ಹಸಿವು ಊಟವಾಗುವುದಕ್ಕೆ ಅಷ್ಟೇ ಕಾಲ, ಎಷ್ಟೋ ವೇಳೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಮಾತಿನ ವಿಷಯದಲ್ಲಿ ನಾವು ಮಕ್ಕಳಿಗೆ ತೋರುವ ಸಹನೆಯನ್ನು ಊಟದ ವಿಷಯದಲ್ಲಿ ಏಕೆ ತೋರುವುದಿಲ್ಲ? ಈ ಹೊತ್ತು ನಾನು ಕೇಳಬೇಕೆಂದಿರುವುದು ಈ ಪ್ರಶ್ನೆಯನ್ನು.

ನಾನು ವೈದ್ಯನಲ್ಲ, ಆಹಾರತಜ್ಞನೂ ಅಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾಗಿ ಮನೆಯಲ್ಲಿ ಕುಳಿತವನು. ಮನೆಯಲ್ಲಿ ಕುಳಿತವನಿಗೆ ಒಂದು ಅನುಕೂಲವಿದೆ. ನೆರೆಹೊರೆಯ ಮಕ್ಕಳ ಊಟದ ಹೊತ್ತಿನ ರಂಪಗಳೆಲ್ಲ ಅವನ ಕಿವಿಗೆ ಬೀಳುತ್ತವೆ. ನಾನಿರುವುದು ಬೆಂಗಳೂರಿನ ಪೂರ್ವಭಾಗದ ಹೊಸ ತಿಪ್ಪಸಂದ್ರದಲ್ಲಿ. ಊರ ಹೆಸರಿನ ಕೊನೆಯ ‘ಸಂದ್ರ’ ಎಂಬುದು ‘ಸಮುದ್ರ’ದ ತದ್ಭವ, ನಮ್ಮ ಹಿರಿಯರು ಕೆರೆಯನ್ನೇ ಸಮುದ್ರವೆಂದು ಕರೆದು ಸಂತೋಷಪಟ್ಟವರು. ೧೯೪೦ರಲ್ಲಿ ವಿಮಾನ ಕಾರ್ಖಾನೆ ಬಂದ ಮೇಲೆ ಈ ಕಡೆಯ ಹೊಲಗಳು ಒಂದೊಂದಾಗಿ ಬಡಾವಣೆಗಳಾದವು, ನಾನಾ ಕಡೆಯ ಜನ ಬಂದು ನೆಲಸಿದರು. ಈಗ ನಮ್ಮ ಬೀದಿಯ ನಾಲ್ಕು ವರ್ಷದ ಹುಡುಗನೊಬ್ಬ ಮನೆಯಲ್ಲಿ ತೆಲುಗು, ಕೆಳಗಿನ ಮನೆಯವರೊಡನೆ ತಮಿಳು, ತರಕಾರಿಯ ಅಂಗಡಿಯಲ್ಲಿ ಕನ್ನಡ, ಶಿಶುವಿಹಾರದಲ್ಲಿ ಇಂಗ್ಲಿಷು, ಕಾವಲುಗಾರನೊಡನೆ ಹಿಂದಿ, ಹೀಗೆ ಐದು ನುಡಿಗಳನ್ನು ಲೀಲಾಜಾಲವಾಗಿ ಆಡುತ್ತಾನೆ. ಅದೇ ಹುಡುಗ ತಟ್ಟೆಯ ಮುಂದೆ ಕುಳಿತರೆ ಏಕಭಾಷಿಕ. ಬಿಳಿಯ ಅನ್ನಕ್ಕೆ ಮೊಸರು. ಇಲ್ಲವಾದರೆ ದೋಸೆಗೆ ಸಕ್ಕರೆ. ಹುರುಳಿಕಾಯಿಯ ಒಂದು ಚೂರು ಅನ್ನದಲ್ಲಿ ಕಂಡರೆ ಅಪರಾಧಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ತಟ್ಟೆಯ ಅಂಚಿಗಿಡುತ್ತಾನೆ.

ಈ ಹುಡುಗ ಐದು ನುಡಿಗಳನ್ನು ಕಲಿತದ್ದು ಹೇಗೆ? ‘ಳ’ಕಾರ ಉಚ್ಚರಿಸಿದರೆ ಚಾಕಲೇಟು ಕೊಡುತ್ತೇನೆಂದು ಯಾರೂ ಆಸೆ ತೋರಿಸಲಿಲ್ಲ. ಒಂದು ವಾಕ್ಯ ಮುಗಿಸುವ ತನಕ ಏಳಕೂಡದೆಂದು ಕಟ್ಟಿ ಕೂರಿಸಲಿಲ್ಲ. ಸುತ್ತಲಿನವರು ಆಡುತ್ತಿದ್ದರು, ಅವನು ಕೇಳುತ್ತಿದ್ದ. ಒಂದು ಪದವನ್ನು ನೂರು ಸಲ ಕೇಳಿ ಆಮೇಲೆ ಒಂದು ಸಲ ಆಡಿದ; ತಪ್ಪಾಗಿ ಆಡಿದಾಗ ಹಿರಿಯರು ನಕ್ಕು, ಸರಿಯಾದ ರೂಪವನ್ನು ತಾವು ಆಡಿ ತೋರಿಸಿ ಮುಂದೆ ಹೋದರು. ಆದರೆ ಗೋರಿಕಾಯಿಯ ಪಲ್ಯವನ್ನು ನಾವು ಅವನ ಮುಂದಿಟ್ಟದ್ದು ಎರಡು ಸಲ. ಎರಡನೆಯ ಸಲ ಮುಖ ಸಿಂಡರಿಸಿದ ಕೂಡಲೇ ‘ನಮ್ಮ ಹುಡುಗನಿಗೆ ಗೋರಿಕಾಯಿ ಸೇರುವುದಿಲ್ಲ’ ಎಂದು ತೀರ್ಪು ಬರೆದು ಮುಗಿಸಿದೆವು. ಆ ತೀರ್ಪನ್ನು ಬಂದವರ ಮುಂದೆಲ್ಲ ಓದಿಯೂ ಹೇಳಿದೆವು. ಕೇಳಿ ಕೇಳಿ ಅವನೂ ಅದನ್ನು ನಂಬಿದ. ಈಗ ಗೋರಿಕಾಯಿಯನ್ನು ಬಿಡುವುದು ಅವನ ಸ್ವಭಾವವಾಗಿ, ಹೆಚ್ಚುಕಡಮೆ ಅವನ ಕೀರ್ತಿಯಾಗಿ ನಿಂತಿದೆ.

‘ಮಗು ಏನೂ ತಿನ್ನುವುದಿಲ್ಲ’ ಎಂಬ ದೂರು ಸಾಮಾನ್ಯವಾಗಿ ಮೊದಲನೆಯ ಹುಟ್ಟುಹಬ್ಬ ಕಳೆದ ಮೇಲೆ ಆರಂಭವಾಗುತ್ತದೆ. ಇದರಲ್ಲಿ ಒಂದು ಸರಳ ಗಣಿತವಿದೆ. ಮೂರು ಕಿಲೋ ತೂಕದ ಕೂಸು ಒಂದು ವರ್ಷ ತುಂಬುವಾಗ ಒಂಬತ್ತು ಕಿಲೋ ಆಗಿರುತ್ತದೆ, ಎಂದರೆ ಮೂರು ಪಟ್ಟು. ಎರಡನೆಯ ವರ್ಷದಲ್ಲಿ ಅದು ಬೆಳೆಯುವುದು ಎರಡು, ಎರಡೂವರೆ ಕಿಲೋ ಮಾತ್ರ. ಮೊದಲ ವರ್ಷದ ವೇಗವೇ ಮುಂದುವರಿದಿದ್ದರೆ ಎರಡು ವರ್ಷದ ಮಗು ಇಪ್ಪತ್ತೇಳು ಕಿಲೋ ತೂಗಿ ತಾಯಿಯ ಸೊಂಟ ಮುರಿಯುತ್ತಿತ್ತು! ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುವುದು ಪ್ರಕೃತಿಯ ವಿವೇಕ. ಇದೇ ಸುಮಾರಿಗೆ ಮಗು ನಡೆಯಲು ಕಲಿಯುತ್ತದೆ. ಹಿರಿಯರ ಕಣ್ಣು ತಪ್ಪಿಸಿ ಬೇಲಿಯ ಕಾಯನ್ನೂ ನೆಲದ ಸೊಪ್ಪನ್ನೂ ಬಾಯಿಗೆ ಹಾಕಿಕೊಳ್ಳಬಲ್ಲ ಸ್ವಾತಂತ್ರ್ಯ ಅದಕ್ಕೆ ಬರುತ್ತದೆ. ಎರಡು ವರ್ಷದಿಂದ ಆರರ ತನಕ ಹೊಸ ತಿನಿಸನ್ನು ಸಂಶಯದಿಂದ ಕಾಣುವ, ಕಹಿಯನ್ನು ಕಂಡರೆ ಹಿಂಜರಿಯುವ ಗುಣ ಮಕ್ಕಳಲ್ಲಿ ಪ್ರಬಲವಾಗಿರುವುದು, ಕಾಡಿನಲ್ಲಿ ಬದುಕಿದ ನಮ್ಮ ಪೂರ್ವಿಕರಿಂದ ಬಂದ ಕಾವಲೆಂದು ವಿಜ್ಞಾನಿಗಳು ಊಹಿಸುತ್ತಾರೆ. ವಿಷದ ಕಾಯಿಗಳು ಬಹುಮಟ್ಟಿಗೆ ಕಹಿ. ತಾಯಿಯ ಹಾಲು ಸಿಹಿ. ಹಾಗಲಕಾಯಿಯನ್ನು ಉಗುಳುವ ಮಗು ಹಟಮಾರಿಯಲ್ಲ, ಎಚ್ಚರಿಕೆಯುಳ್ಳದ್ದು.

ಈ ಎಚ್ಚರಿಕೆ ಕರಗುವುದು ಪರಿಚಯದಿಂದ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಆನ್ ಬರ್ಚ್ ೧೯೮೨ರಲ್ಲಿ ಎರಡು ವರ್ಷದ ಮಕ್ಕಳಿಗೆ ಕಂಡರಿಯದ ತಿನಿಸುಗಳನ್ನು ಕೊಟ್ಟು ನೋಡಿದರು. ಹೆಚ್ಚು ಸಲ ರುಚಿ ನೋಡಿದ ತಿನಿಸನ್ನೇ ಮಕ್ಕಳು ಹೆಚ್ಚು ಮೆಚ್ಚಿದರು. ಎಂಟು ಹತ್ತು ಸಲ, ಕೆಲವು ಮಕ್ಕಳಿಗೆ ಹದಿನೈದು ಸಲ ಬೇಕಾಗಬಹುದೆಂಬುದು ಆಮೇಲಿನ ಅನೇಕ ಅಧ್ಯಯನಗಳಿಂದ ಹೊರಟ ಅಂದಾಜು. ಸಲವೆಂದರೆ ಬಟ್ಟಲ ತುಂಬ ಅಲ್ಲ. ಒಂದು ಹೋಳು, ನಾಲಗೆಯ ತುದಿಗೆ ತಗಲುವಷ್ಟು. ಬರ್ಚ್ ಅವರೇ ಎರಡು ವರ್ಷಗಳ ಅನಂತರ ಇನ್ನೊಂದು ಸಂಗತಿಯನ್ನು ತೋರಿಸಿದರು. ಒಂದು ಪಾನೀಯವನ್ನು ಕುಡಿದರೆ ಬಹುಮಾನವೆಂದು ಹೇಳಿದ ಮಕ್ಕಳಿಗೆ ಆ ಪಾನೀಯದ ಮೇಲಿನ ಒಲವು ಕಡಮೆಯಾಯಿತು. ಮಗುವಿನ ತರ್ಕ ಸರಿಯಾಗಿಯೇ ಇದೆ. ಪಲ್ಯ ತಿಂದರೆ ಚಾಕಲೇಟು ಎನ್ನುವುದಾದರೆ ಪಲ್ಯವು ಔಷಧಕ್ಕೆ ಸಮಾನವಾದ ಯಾವುದೋ ಕಷ್ಟ, ಚಾಕಲೇಟೇ ನಿಜವಾದ ಊಟ. ೨೦೦೬ರಲ್ಲಿ ನಡೆದ ಮತ್ತೊಂದು ಪ್ರಯೋಗದಲ್ಲಿ, ‘ಸೂಪು ಮುಗಿಸು, ಮುಗಿಸು’ ಎಂದು ಒತ್ತಾಯಕ್ಕೊಳಗಾದ ಮಕ್ಕಳು, ಒತ್ತಾಯವಿಲ್ಲದ ಮಕ್ಕಳಿಗಿಂತ ಕಡಮೆ ಕುಡಿದರು. ಅದರ ಮೇಲೆ ದೂರನ್ನೂ ಹೆಚ್ಚು ಹೇಳಿದರು.

ಅಧ್ಯಾಪಕನ ಚಟ ಬಿಡದು. ಇಲ್ಲಿ ಕೊಂಚ ವ್ಯಾಕರಣವನ್ನು ತರುತ್ತೇನೆ. ‘ಉಣ್ಣು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಹತ್ತಿದರೆ ‘ಉಣಿಸು’ ಎಂಬ ಪ್ರೇರಣಾರ್ಥಕ ರೂಪ ಬರುತ್ತದೆ. ಇವೆರಡರ ನಡುವೆ ‘ಬಡಿಸು’ ಎಂಬ ಇನ್ನೊಂದು ಕ್ರಿಯಾಪದ ಕುಳಿತಿದೆ. ಆರು ತಿಂಗಳ ಕೂಸಿಗೆ ಉಣಿಸಬೇಕು, ಬೇರೆ ದಾರಿಯಿಲ್ಲ. ಎರಡು ವರ್ಷದ ಮಗುವಿಗೆ ಬಡಿಸಬೇಕು. ಉಣ್ಣುವುದು ಅದರ ಕೆಲಸ. ನಮ್ಮ ಮನೆಗಳಲ್ಲಿ ಆರು ವರ್ಷದ ತನಕ, ಏಳು ವರ್ಷದ ತನಕ ‘ಉಣಿಸು’ ಮುಂದುವರಿಯುತ್ತದೆ. ಬಟ್ಟಲು ಹಿಡಿದ ತಾಯಿ ಮುಂದೆ, ಓಡುವ ಮಗು ಹಿಂದೆ ಎಂಬುದು ತಿರುಗಿ, ಮಗು ಮುಂದೆ, ತಾಯಿ ಹಿಂದೆ. ಮಹಡಿಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ. ಕೆಲವು ಮನೆಗಳಲ್ಲಿ ‘ಬಡಿಸು’ ಹೋಗಿ ‘ಬಡಿ’ಯೇ ಉಳಿಯುವುದೂ ಉಂಟು. ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ೧೯೮೦ರ ದಶಕದಲ್ಲಿ ಈ ಹೊಣೆಗಳನ್ನು ಸ್ಪಷ್ಟವಾಗಿ ಹಂಚಿಟ್ಟರು. ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರಿಗೆ ಸೇರಿದ್ದು. ತಿನ್ನಬೇಕೇ ಬೇಡವೇ, ತಿಂದರೆ ಎಷ್ಟು ಎಂಬುದು ಮಗುವಿಗೆ ಸೇರಿದ್ದು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ. ಏನು ಬೇಕೆಂಬುದನ್ನು ಮಗು ತೀರ್ಮಾನಿಸುತ್ತದೆ, ಎಷ್ಟು ತಿನ್ನಬೇಕೆಂಬುದನ್ನು ನಾವು ತೀರ್ಮಾನಿಸುತ್ತೇವೆ.

‘ಹಾಗೆ ಬಿಟ್ಟರೆ ಮಗು ಹಸಿದು ಮಲಗುವುದಿಲ್ಲವೇ?’ ಎಂದು ಅಜ್ಜಿಯರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಬಡಿಸಿದ್ದರಲ್ಲಿ ಒಂದಾದರೂ ಮಗು ಒಪ್ಪುವ ಪದಾರ್ಥವಿರಲಿ, ಅದು ಮೊಸರನ್ನವೇ ಆಗಿರಲಿ, ಅದರ ಪಕ್ಕದಲ್ಲಿ ಒಂದು ಹೋಳು ಅಪರಿಚಿತವೂ ಇರಲಿ. ಬೇಡವೆಂದದ್ದಕ್ಕೆ ಬದಲಾಗಿ ಒಲೆ ಹೊತ್ತಿಸಿ ಬೇರೆ ದೋಸೆ ಹುಯ್ಯುವುದು ಮಾತ್ರ ಬೇಡ. ಒಂದು ಹೊತ್ತು ಕಡಮೆ ತಿಂದ ಆರೋಗ್ಯವಂತ ಮಗು ಮುಂದಿನ ಹೊತ್ತಿನಲ್ಲೋ ಮರುದಿನವೋ ಅದನ್ನು ತುಂಬಿಕೊಳ್ಳುತ್ತದೆ. ಮಕ್ಕಳ ಊಟವನ್ನು ದಿನದ ಲೆಕ್ಕದಲ್ಲಿ ನೋಡದೆ ವಾರದ ಲೆಕ್ಕದಲ್ಲಿ ನೋಡಬೇಕು. ಎಷ್ಟೋ ಸಲ ತೊಂದರೆ ಊಟದಲ್ಲಿರುವುದೇ ಇಲ್ಲ, ಊಟದ ಹಿಂದಿನ ಗಂಟೆಯಲ್ಲಿರುತ್ತದೆ. ಐದೂವರೆಗೆ ಬೇಕರಿಯ ಬಿಸ್ಕತ್ತು, ಆರೂವರೆಗೆ ದೊಡ್ಡ ಲೋಟದ ಹಾಲು, ಏಳಕ್ಕೆ ಮಾವ ತಂದ ಚಿಪ್ಸು. ಎಂಟು ಗಂಟೆಗೆ ‘ಮಗುವಿಗೆ ಹಸಿವೇ ಇಲ್ಲ ಡಾಕ್ಟರೇ.’ ಹಾಲು ಒಳ್ಳೆಯದೇ. ಆದರೆ ದಿನವಿಡೀ ಹಾಲು ಕುಡಿದ ಮಗುವಿಗೆ ಬೇರೆ ಯಾವುದಕ್ಕೂ ಹೊಟ್ಟೆಯಲ್ಲಿ ಜಾಗ ಉಳಿಯುವುದಿಲ್ಲ; ಹಾಲಿನಲ್ಲಿ ಕಬ್ಬಿಣ ಅತ್ಯಲ್ಪವಾದ್ದರಿಂದ ದುಂಡಗೆ ಕಾಣುವ ಮಗುವೂ ರಕ್ತಹೀನವಾಗಿರಬಹುದು. ಚಿಕ್ಕ ಮಕ್ಕಳಿಗೆ ಕಾಫಿ, ಚಹಾ ರೂಢಿ ಮಾಡಿಸುವುದಂತೂ ಬಿಡಬೇಕಾದ ಚಟ. ಅವು ಊಟದ ಕಬ್ಬಿಣವನ್ನು ರಕ್ತಕ್ಕೆ ಸೇರಗೊಡವು.

ಮಗುವಿನ ಇಚ್ಛೆಗೇ ಎಲ್ಲವನ್ನೂ ಬಿಟ್ಟರೆ ಏನಾಗುತ್ತದೆ? ಇದನ್ನೂ ಒಬ್ಬ ಹೆಂಗಸು ಪರೀಕ್ಷಿಸಿ ನೋಡಿದ್ದಾರೆ. ಕ್ಲಾರಾ ಡೇವಿಸ್ ಎಂಬ ವೈದ್ಯೆ ೧೯೨೬ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಆರಂಭಿಸಿ, ಆಮೇಲೆ ಶಿಕಾಗೋದಲ್ಲಿ, ಆಗತಾನೆ ಎದೆಹಾಲು ಬಿಟ್ಟ ಹದಿನೈದು ಕೂಸುಗಳ ಮುಂದೆ ಬಗೆಬಗೆಯ ಪದಾರ್ಥಗಳನ್ನು ಇಟ್ಟು, ತಾವೇ ಆರಿಸಿಕೊಳ್ಳಲು ಬಿಟ್ಟರು. ಪಟ್ಟಿಯಲ್ಲಿದ್ದ ಪದಾರ್ಥಗಳು ೩೪. ದಾದಿಯರು ಸುಮ್ಮನೆ ಕುಳಿತಿರಬೇಕು. ಮಗು ಕೈ ಚಾಚಿದ್ದನ್ನು ಮಾತ್ರ ಕೊಡಬೇಕು. ಹೊಗಳಿಕೆ, ತೆಗಳಿಕೆ, ಮುಖದ ಚರ್ಯೆ ಏನೂ ಕೂಡದು. ೧೯೩೯ರಲ್ಲಿ ಅವರು ಫಲವನ್ನು ಪ್ರಕಟಿಸಿದರು. ಒಂದೊಂದು ಮಗುವಿನ ಆಯ್ಕೆ ಒಂದೊಂದು ವಿಚಿತ್ರ, ಆದರೆ ಎಲ್ಲರೂ ಚೆನ್ನಾಗಿ ಬೆಳೆದರು. ಎಲುಬಿನ ಮೆತುರೋಗವಿದ್ದ ಒಂದು ಮಗು ಕಾಡ್ ಮೀನಿನ ಎಣ್ಣೆಯನ್ನು ರೋಗ ವಾಸಿಯಾಗುವ ತನಕ ತಾನಾಗಿ ಕುಡಿಯಿತಂತೆ. ಇದನ್ನು ಓದಿ ‘ಮಕ್ಕಳಿಗೆ ಎಲ್ಲ ಗೊತ್ತು’ ಎಂದು ಚಪ್ಪಾಳೆ ತಟ್ಟುವವರು ಪಟ್ಟಿಯನ್ನು ಮರೆಯುತ್ತಾರೆ. ಆ ಮೂವತ್ತನಾಲ್ಕರಲ್ಲಿ ಸಕ್ಕರೆಯಿರಲಿಲ್ಲ, ಮಿಠಾಯಿಯಿರಲಿಲ್ಲ, ಕರಿದ ಪೊಟ್ಟಣವಿರಲಿಲ್ಲ. ಉಪಾಯವಿದ್ದದ್ದು ಪಟ್ಟಿಯಲ್ಲಿಯೇ ಎಂದು ಡೇವಿಸ್ ಅವರೇ ಒಪ್ಪಿಕೊಂಡರು. ಎಂದರೆ ಪ್ರಶ್ನೆ ಮಗುವಿನಿಂದ ಅಡಿಗೆಮನೆಗೆ ತಿರುಗುತ್ತದೆ. ನಾವು ಮುಂದಿಡುವ ಪಟ್ಟಿಯಲ್ಲಿ ಏನಿದೆ?

ನಮ್ಮ ಈ ಸೀಮೆಯ ಪಟ್ಟಿ ಒಂದು ಕಾಲಕ್ಕೆ ಬಡವರ ಮನೆಯಲ್ಲಿಯೂ ಉದ್ದವಾಗಿತ್ತು. ಹೊಸಕೋಟೆ, ಮಾಲೂರು, ಕೋಲಾರದ ಕಡೆಯವರಿಗೆ ‘ಬೆರಕೆ ಸೊಪ್ಪು’ ಎಂದರೆ ಗೊತ್ತು. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ಬಿತ್ತದೆ ಬೆಳೆಯುವ ಅಣ್ಣೆ, ಗಣಿಕೆ, ಹೊನಗೊನೆ, ಕೀರೆ ಮುಂತಾದ ಏಳೆಂಟು ಬಗೆಯನ್ನು ಮಡಿಲಲ್ಲಿ ಕಿತ್ತು ತಂದು ಒಟ್ಟಿಗೆ ಬೇಯಿಸುತ್ತಿದ್ದರು. ಅದೇ ಮಸ್ಸೊಪ್ಪಾಗುತ್ತಿತ್ತು, ನೀರು ಬಸಿದರೆ ಬಸ್ಸಾರು, ಬಸಿದು ಉಳಿದದ್ದು ಪಲ್ಯ. ಕಾಲ ತಿರುಗಿದಂತೆ ತಟ್ಟೆಯೂ ತಿರುಗುತ್ತಿತ್ತು. ಅವರೆ, ಅಲಸಂದೆ, ಹುರುಳಿ, ನುಗ್ಗೆ, ಹಲಸು, ನೇರಳೆ, ಸೀಬೆ. ಯಾರೂ ‘ವೈವಿಧ್ಯ’ವೆಂಬ ಪದವನ್ನು ಬಳಸಲಿಲ್ಲ. ಇಂದು ಹೊಸ ತಿಪ್ಪಸಂದ್ರದ ಮುಖ್ಯರಸ್ತೆಯ ತರಕಾರಿಯಂಗಡಿಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಎಲ್ಲವೂ ಸಿಗುತ್ತದೆ. ಮನೆಗೆ ಬರುವುದು ಮಾತ್ರ ಆಲೂಗಡ್ಡೆ, ಟೊಮೇಟೊ, ಕ್ಯಾರೆಟ್ಟು, ಹುರುಳಿಕಾಯಿ. ಮಗು ಕಲಿಯಬೇಕಾದ ಭಾಷೆಯನ್ನು ನಾವೇ ಮರೆತಿದ್ದೇವೆ.

ಒಂದು ಪದಾರ್ಥ ಒಂದು ರೂಪದಲ್ಲಿ ಸೇರದಿದ್ದರೆ ಇನ್ನೊಂದು ರೂಪದಲ್ಲಿ ಸೇರಬಹುದು ಎಂಬುದನ್ನು ತಿಳಿಯಲು ಪಶ್ಚಿಮಕ್ಕೆ ಹೋಗಬೇಕಾದದ್ದಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂದು ಷಟ್ಪದಿಯಲ್ಲಿ ಅಡಿಗೆಯ ಗ್ರಂಥವನ್ನೇ ಬರೆದ. ಅದರಲ್ಲಿ ಬದನೆಕಾಯಿಯೊಂದಕ್ಕೇ ಎಷ್ಟು ಅವತಾರಗಳು! ಪಾಠ ಹೇಳುವ ದಿನಗಳಲ್ಲಿ ವಿದ್ಯಾರ್ಥಿಗಳು ಆ ಭಾಗಕ್ಕೆ ನಗುತ್ತಿದ್ದರು. ಎರಡು ಮಕ್ಕಳ ತಾಯಂದಿರಾದ ಮೇಲೆ ಅವರೇ ಈಗ ನಗುವುದಿಲ್ಲ. ಪಲ್ಯದಲ್ಲಿ ಬದನೆಯನ್ನು ಒಲ್ಲದ ಮಗು ಸುಟ್ಟ ಬದನೆಯ ಗೊಜ್ಜಿಗೆ ರೊಟ್ಟಿಯನ್ನು ಅದ್ದೀತು. ಬೆಂದ ಕ್ಯಾರೆಟ್ಟನ್ನು ಉಗುಳುವ ಮಗು ಹಸಿಯ ತುರಿಗೆ ನಿಂಬೆ ಹಿಂಡಿದ ಕೋಸಂಬರಿಯನ್ನು ಮೆಚ್ಚೀತು. ಎಷ್ಟೋ ಮಕ್ಕಳ ತಕರಾರು ರುಚಿಯದಲ್ಲ, ಲೋಳೆಯದು, ನಾರಿನದು. ತರಕಾರಿಯನ್ನು ಅರೆದು ದೋಸೆಯ ಹಿಟ್ಟಿನಲ್ಲಿ ಅಡಗಿಸಿಡುವ ತಾಯಂದಿರ ಜಾಣತನಕ್ಕೆ ನನ್ನ ಆಕ್ಷೇಪವಿಲ್ಲ, ಹೊಟ್ಟೆಗೆ ಸೇರಿದಷ್ಟು ಲಾಭ. ಆದರೆ ಅಡಗಿಸಿಟ್ಟದ್ದರಿಂದ ಪರಿಚಯವಾಗದು. ಅದನ್ನು ಅದಾಗಿಯೇ ಒಂದು ಕಡೆ ಬಡಿಸಿಯೂ ಇರಬೇಕು.

ರಾಗಿಯ ಮಾತು ಬಂದರೆ ಕನಕದಾಸರನ್ನು ನೆನೆಯದಿರುವುದು ಹೇಗೆ? ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಮೇಲ್ಮೆಯ ಜಗಳ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ಕಾವ್ಯದಲ್ಲಿ ಗೆದ್ದ ರಾಗಿ ಬೆಂಗಳೂರಿನ ಮಕ್ಕಳ ತಟ್ಟೆಯಲ್ಲಿ ಸೋತಿತು. ಆಹಾರದ ಕೋಷ್ಟಕಗಳು ಕನಕದಾಸರ ಪಕ್ಷದಲ್ಲಿವೆ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ೩೪೦ ಮಿಲಿಗ್ರಾಮಿಗೂ ಮೇಲೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು ಹತ್ತು. ಇದು ಒಣ ಕಾಳಿನ ಲೆಕ್ಕ, ಎಲ್ಲವೂ ಮೈಗೆ ಹತ್ತುವುದಿಲ್ಲವೆಂಬುದು ನಿಜ. ಅದಕ್ಕೂ ನಮ್ಮ ಅಜ್ಜಿಯರಲ್ಲಿ ಉಪಾಯವಿತ್ತು. ರಾಗಿಯನ್ನು ತೊಳೆದು, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ, ವಸ್ತ್ರಗಾಲಿತ ಮಾಡಿ ಕೂಸಿಗೆ ‘ಸರಿ’ ಕಾಯಿಸುತ್ತಿದ್ದರು. ಮೊಳಕೆಯಲ್ಲಿ ಖನಿಜಗಳನ್ನು ಹಿಡಿದಿಡುವ ಅಂಶ ಕಡಮೆಯಾಗುತ್ತದೆ. ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಆದ್ದರಿಂದ ಗಂಜಿ ಅಂಟಿನಂತೆ ಗಟ್ಟಿಯಾಗದೆ ತೆಳುವಾಗಿರುತ್ತದೆ. ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಅಂಗೈಯಷ್ಟು ಹೊಟ್ಟೆಯ ಕೂಸಿಗೆ ಇದು ದೊಡ್ಡ ಮಾತು. ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ೧೯೮೨ರಲ್ಲಿ ಮೊಳಕೆಯ ರಾಗಿಗೆ ಹೆಸರುಕಾಳನ್ನು ಬೆರಸಿ ಕೂಸಿನ ಆಹಾರವನ್ನು ರೂಪಿಸಿದಾಗ ಹಿಡಿದದ್ದು ಈ ಜಾಡನ್ನೇ.

ಅನ್ನಪ್ರಾಶನಕ್ಕೆ ಮನುಸ್ಮೃತಿ ಹೇಳಿದ್ದು ಆರನೆಯ ತಿಂಗಳು. ಆರು ತಿಂಗಳ ತನಕ ಎದೆಹಾಲೊಂದೇ ಸಾಕು, ಆಮೇಲೆ ಬೇರೆ ಆಹಾರವೂ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶಾಸ್ತ್ರ ಮತ್ತು ವಿಜ್ಞಾನ ಹೀಗೆ ಕೈಕುಲುಕುವುದು ಅಪರೂಪ, ಅದಕ್ಕಾಗಿ ಹೇಳಿದೆ. ಎರಡು ವರ್ಷದೊಳಗಿನ ಮಗುವಿನ ಊಟವನ್ನು ಆ ಸಂಸ್ಥೆಯವರು ಎಂಟು ಗುಂಪುಗಳಾಗಿ ವಿಂಗಡಿಸುತ್ತಾರೆ: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಬೀಜಗಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಹಳದಿ ಹಣ್ಣು ಮತ್ತು ಹಸುರು ಸೊಪ್ಪು, ಉಳಿದ ತರಕಾರಿ ಹಣ್ಣುಗಳು. ದಿನದಲ್ಲಿ ಇವುಗಳಲ್ಲಿ ಐದಾದರೂ ಮಗುವಿಗೆ ಸಲ್ಲಬೇಕು. ಅನ್ನ, ಬೇಳೆಯ ತಿಳಿ, ಮೊಸರು ಉಣ್ಣುವ ಮಗು ಎದೆಹಾಲನ್ನೂ ಕುಡಿಯುತ್ತಿದ್ದರೆ ನಾಲ್ಕರಲ್ಲಿ ನಿಲ್ಲುತ್ತದೆ. ಒಂದು ಹಿಡಿ ಸೊಪ್ಪೋ ಪರಂಗಿ ಹಣ್ಣೋ ಸೇರಿದರೆ ಗಡಿ ದಾಟುತ್ತದೆ.

ಇಷ್ಟು ಹೊತ್ತು ತಿನ್ನಲೊಲ್ಲದ ಮಗುವಿನ ಮಾತಾಯಿತು. ನಮ್ಮ ಬೀದಿಯಲ್ಲಿಯೇ ಇನ್ನೊಂದು ಮಗುವಿದೆ. ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ದಂಪತಿಗಳು ಮರಳಿನ ರಾಶಿಯ ಮೇಲೆ ಕೂರಿಸಿ ಹೋಗುವ ಮಗು ಅದು. ಊರಲ್ಲಿದ್ದಿದ್ದರೆ ಅದಕ್ಕೆ ಜೋಳದ ರೊಟ್ಟಿಯ ಚೂರಾದರೂ ಪುಂಡಿಪಲ್ಯದಲ್ಲಿ ಅದ್ದಿ ಸಿಗುತ್ತಿತ್ತು. ಇಲ್ಲಿ ಬೆಳಗಿನ ಅನ್ನ, ನಡುಹಗಲಲ್ಲಿ ಅಳು ನಿಲ್ಲಿಸಲು ಐದು ರೂಪಾಯಿಯ ಕರಿದ ಪೊಟ್ಟಣ. ಮೇಲಿನ ಮಹಡಿಯ ಮಗುವೂ ಹಟ ಮಾಡಿ ಅದೇ ಪೊಟ್ಟಣವನ್ನು ಗಳಿಸಿಕೊಂಡಿರುತ್ತದೆ. ೨೦೧೯-೨೦ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫.೪ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, ೬೫.೫ರಷ್ಟು ಮಂದಿ ರಕ್ತಹೀನರಾಗಿದ್ದರು. ಮೂರರಲ್ಲಿ ಎರಡು ಪಾಲು ಮಕ್ಕಳು ಬಡವರ ಮನೆಗಳಲ್ಲಿ ಮಾತ್ರವೇ ಇರಲಾರರು.

೧೯೭೫ರ ಅಕ್ಟೋಬರ್ ೨ರಂದು ದೇಶದ ಮೂವತ್ತಮೂರು ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ಅಲ್ಲಿಂದ ಹಬ್ಬಿದ ಅಂಗನವಾಡಿಗಳು, ೨೦೦೨ರಲ್ಲಿ ಆರಂಭವಾದ ಶಾಲೆಯ ಬಿಸಿಯೂಟ, ೨೦೧೩ರ ಆಗಸ್ಟ್ ೧ರಿಂದ ಹಾಲು, ೨೦೨೧ರ ಡಿಸೆಂಬರಿನಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಮೊಟ್ಟೆ, ಮುಂದೆ ಎಲ್ಲ ಜಿಲ್ಲೆಗಳಿಗೆ. ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ವಿರೋಧಿಸಿದ್ದು ನಿಮಗೆ ನೆನಪಿರಬಹುದು. ಸರಕಾರ ಅಲ್ಲಿ ಕಂಡುಕೊಂಡ ದಾರಿ ನಾನು ಹೇಳುತ್ತಿರುವ ಮಾತಿಗೆ ಹತ್ತಿರವಾದದ್ದು. ಮೊಟ್ಟೆ ಉಂಟು, ಒಲ್ಲದವರಿಗೆ ಬಾಳೆಹಣ್ಣುಂಟು. ಯಾರಿಗೂ ಬಲವಂತವಿಲ್ಲ, ಯಾರಿಗೂ ನಿಷೇಧವಿಲ್ಲ. ನನಗೆ ಇದು ಸರಿಯೆಂದೇ ತೋರುತ್ತದೆ. ಹಿರಿಯರ ನಂಬಿಕೆಯ ಜಗಳದಲ್ಲಿ ಬೇರೆಯವರ ಮಗುವಿನ ತಟ್ಟೆಯನ್ನು ಖಾಲಿ ಮಾಡುವ ಹಕ್ಕು ಯಾರಿಗೂ ಇಲ್ಲ.

ಬಿಸಿಯೂಟದ ಪಂಕ್ತಿಯನ್ನು ಒಮ್ಮೆ ನಿಂತು ನೋಡಬೇಕು. ಮನೆಯಲ್ಲಿ ಸಾಂಬಾರಿನ ಕುಂಬಳದ ಹೋಳನ್ನು ಎತ್ತಿಡುವ ಮಗು ಅಲ್ಲಿ ಪಕ್ಕದವನು ನುಂಗುವುದನ್ನು ನೋಡಿ ತಾನೂ ನುಂಗುತ್ತದೆ. ಯಾರೂ ಅದರ ಬಾಯಿಯನ್ನೇ ದಿಟ್ಟಿಸುತ್ತ ಕುಳಿತಿರುವುದಿಲ್ಲ. ಗೆಳೆಯರ ಹರಟೆಯಲ್ಲಿ ಊಟ ತಾನಾಗಿ ಸಾಗುತ್ತದೆ. ಮನೆಗಳಲ್ಲಿ ನಾವು ಕಳೆದುಕೊಂಡದ್ದು ಈ ಪಂಕ್ತಿಯನ್ನು. ಮಗುವಿಗೆ ಏಳಕ್ಕೆ, ತಾಯಿಗೆ ಎಂಟೂವರೆಗೆ, ತಂದೆಗೆ ಕಚೇರಿಯಿಂದ ಬಂದಾಗ. ಮಗು ಯಾರನ್ನು ನೋಡಿ ಉಣ್ಣಲು ಕಲಿಯಬೇಕು? ಅದಕ್ಕೆ ಜೊತೆಯೆಂದರೆ ಎದುರಿಗೆ ನೀರಿನ ತಂಬಿಗೆಗೆ ಒರಗಿಸಿಟ್ಟ ಮೊಬೈಲು. ಹಿಂದೆ ಅಜ್ಜಿ ಚಂದಮಾಮನನ್ನು ತೋರಿಸಿ ಕೈತುತ್ತು ಇಡುತ್ತಿರಲಿಲ್ಲವೇ, ಇದೂ ಹಾಗೆಯೇ ಎನ್ನುವವರಿದ್ದಾರೆ. ಹಾಗೆಯೇ ಅಲ್ಲ. ಅಜ್ಜಿ ಮಗುವಿನ ಮುಖ ನೋಡುತ್ತಿದ್ದಳು. ಸಾಕೆಂದು ಅದು ತುಟಿ ಬಿಗಿದಾಗ ‘ಕೊನೇ ತುತ್ತು’ ಎಂದು ಒಂದು ಹೆಚ್ಚಿಗೆ ಇಟ್ಟು ಎದ್ದುಬಿಡುತ್ತಿದ್ದಳು. ಮೊಬೈಲು ಮಗುವಿಗೆ ಹಸಿವನ್ನೂ ಮರೆಸುತ್ತದೆ, ತೃಪ್ತಿಯನ್ನೂ ಮರೆಸುತ್ತದೆ. ಬಾಯಿ ತಾನಾಗಿ ತೆರೆದು ಮುಚ್ಚುತ್ತದೆ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯನ್ನೇ ತೋರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಸಲಹೆ ಮಾಡಿತು.

ಒಂದು ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಎಲ್ಲ ತಕರಾರೂ ಪರಿಚಯದಿಂದ ಹೋಗುವಂಥದ್ದಲ್ಲ. ಮಗುವಿನ ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಬಂದು ಉಸಿರು ಕಟ್ಟುತ್ತಿದ್ದರೆ, ಒಪ್ಪುವ ಪದಾರ್ಥಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ ಅದು ವೈದ್ಯರ ಬಳಿಗೆ ಹೋಗಬೇಕಾದ ವಿಷಯ. ಇನ್ನು, ಚಿಕ್ಕ ಮಕ್ಕಳಿಗೆ ಇಡೀ ಕಡಲೆಬೀಜವನ್ನೂ ಇಡೀ ದ್ರಾಕ್ಷಿಯನ್ನೂ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ನಮ್ಮ ಕೆಳಗಿನ ಮನೆಗೆ ಹೊಸಕೋಟೆಯ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜಿ ಆಗಾಗ ಬಂದು ಇರುತ್ತಾರೆ. ಹೋದ ಮಳೆಗಾಲದಲ್ಲಿ ಮೊರದ ತುಂಬ ಬೆರಕೆ ಸೊಪ್ಪನ್ನು ಹರಡಿಕೊಂಡು ಬಿಡಿಸುತ್ತ ಕುಳಿತಿದ್ದರು. ನಾನು ಮೊದಲೇ ಹೇಳಿದ ಐದು ನುಡಿಗಳ ಹುಡುಗ ಹೋಗಿ ಪಕ್ಕದಲ್ಲಿ ಕುಳಿತ.

‘ಅಜ್ಜಿ, ಇದ್ಯಾವ ಸೊಪ್ಪು?’

‘ಅಣ್ಣೆ ಸೊಪ್ಪು ಕಣಪ್ಪ.’

‘ಇದು ತಿನ್ನೋದಾ?’

‘ತಿನ್ನೋರು ತಿಂತಾರೆ. ನಿಂಗ್ಯಾಕೆ ಬಿಡು ಕಂದ, ಕಡ್ಡಿ ಮುರಿದುಕೊಡು.’

ಹುಡುಗ ಕಡ್ಡಿ ಮುರಿದುಕೊಟ್ಟ. ಆ ದಿನ ತಿನ್ನಲಿಲ್ಲ. ಮುಂದಿನ ವಾರ ಮತ್ತೆ ಕುಳಿತು ಮುರಿದ, ಆಗಲೂ ತಿನ್ನಲಿಲ್ಲ. ಮೂರನೆಯ ವಾರ ಅಜ್ಜಿ ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದುತ್ತಿದ್ದಾಗ ಅವರ ತಟ್ಟೆಯ ಪಲ್ಯಕ್ಕೆ ಕೈ ಹಾಕಿದ. ಅಜ್ಜಿ ಕಂಡೂ ಕಾಣದವರಂತೆ ಇನ್ನೊಂದು ತುತ್ತು ಮುರಿದುಕೊಂಡರು. ಅವನ ತಾಯಿ ‘ನೋಡಿದಿರಾ, ನೋಡಿದಿರಾ’ ಎಂದು ಕೂಗದೆ ಬಾಗಿಲಲ್ಲಿಯೇ ನಿಂತದ್ದನ್ನು ನಾನು ಮೆಚ್ಚಿಕೊಂಡೆ.

ಇನ್ನು ಅವರೆಕಾಯಿಯ ಕಾಲ ಬರುತ್ತದೆ. ಡಿಸೆಂಬರ್ ಜನವರಿಯಲ್ಲಿ ಸೊಗಡಿನ ಕಾಯಿ ಗುಡ್ಡೆ ಗುಡ್ಡೆಯಾಗಿ ಬೀದಿಗೆ ಬಂದಾಗ ಒಂದೆರಡು ಕಿಲೋ ಹೆಚ್ಚಿಗೆ ಕೊಂಡು ಮನೆಯ ಮಕ್ಕಳ ಮುಂದೆ ಸುರಿಯಿರಿ. ಸುಲಿದು ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಹಿದುಕಿದರೆ ಬೇಳೆ ಪುಟಕ್ಕನೆ ಹಾರಿ ಎದುರಿಗಿದ್ದವರ ಮೂಗಿಗೆ ಬೀಳುತ್ತದೆ. ಆ ಆಟಕ್ಕೆ ಒಲ್ಲೆನೆಂದ ಮಗುವನ್ನು ನಾನಿನ್ನೂ ಕಂಡಿಲ್ಲ.